ಮನೆಯಲ್ಲೇ ಧ್ವನಿಮುದ್ರಣ: ಯಂತ್ರಕ್ಕಿಂತ ಮೊದಲು ಕೋಣೆಯನ್ನು ನೋಡಿ

ಗುತ್ತಿಗಾರು ಪರಿಸರದ ಚರ್ಚುಗಳ ಗಾಯನ ತಂಡಗಳಲ್ಲಿ ಹಾಡುವ ಯುವಕ ಯುವತಿಯರು ಇತ್ತೀಚೆಗೆ ನಮ್ಮಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಮನೆಯಲ್ಲಿ ಸಣ್ಣ ಮಟ್ಟಿನ ರೆಕಾರ್ಡಿಂಗ್ ಸ್ಟುಡಿಯೋ ಮಾಡಲು ಎಷ್ಟು ಖರ್ಚಾದೀತು?" ಉತ್ತರ ಹೇಳುವುದು ಸುಲಭ. ಮನೆಯಲ್ಲಿ ಸಾಧಾರಣವಾದ ಒಂದು ಲ್ಯಾಪ್‌ಟಾಪ್ ಈಗಾಗಲೇ ಇದ್ದರೆ ಉಳಿದ ಸಾಮಾನುಗಳಿಗೆ ಸುಮಾರು 15ರಿಂದ 20 ಸಾವಿರ ರೂಪಾಯಿ ಸಾಕು. ಆದರೆ ಇಷ್ಟು ಮಾತ್ರ ಹೇಳಿ ಬಿಟ್ಟರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ನಮ್ಮ ಊರಿನಲ್ಲಿ ಹಾಡನ್ನು ಕೆಡಿಸುವುದು ಹೆಚ್ಚಾಗಿ ಮೈಕಲ್ಲ; ಮಳೆ, ಜೀರುಂಡೆ, ಕರೆಂಟು ಮತ್ತು ಬರಿಗೋಡೆಯ ಕೋಣೆ. ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಾಮಾನು ಕೊಂಡವರ ಹಣ ಹೇಗೆ ಹೋಗುತ್ತದೆ ಎಂಬುದು ನಮಗೆ ಗೊತ್ತು. ಏಕೆಂದರೆ ಮೊದಲು ಹೋದದ್ದು ನಮ್ಮದೇ ಹಣ.

ಮಂಗಳೂರಿಗೆ ಹೋಗಿ ಹಾಡಿದರಾಗದೇ ಎಂದು ಕೇಳುವವರಿದ್ದಾರೆ. ಗುತ್ತಿಗಾರಿನಿಂದ ಮಂಗಳೂರು ನೂರು ಕಿಲೋಮೀಟರಿಗೆ ಹತ್ತಿರ. ಹತ್ತು ಮಂದಿಯ ತಂಡ ಅಲ್ಲಿಗೆ ಹೋಗಿ ಬರಬೇಕಾದರೆ ವಾಹನ, ಊಟ, ಒಂದು ದಿನದ ಕೂಲಿ, ಮಕ್ಕಳಿಗಾದರೆ ಶಾಲೆ. ಸ್ಟುಡಿಯೋದ ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಗಡಿಯಾರ ನೋಡುತ್ತಾ ಹಾಡುವವರ ಗಂಟಲು ಎಷ್ಟು ಬಿಗಿಯುತ್ತದೆ ಎಂಬುದನ್ನು ಹಾಡಿದವರೇ ಬಲ್ಲರು. ಕ್ಯಾಸೆಟ್ಟಿನ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ವಿಲ್ಫಿ ರೆಬಿಂಬಸ್ (1942–2010) ಅವರ ಕೊಂಕಣಿ ಹಾಡುಗಳು ಈ ಮಲೆನಾಡ ಬದಿಯ ಮನೆಗಳಿಗೂ ಬಂದದ್ದು ಕ್ಯಾಸೆಟ್ಟುಗಳಲ್ಲಿ ಮತ್ತು 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಮೂಲಕ. ಆಗ ಹಾಡು ಪೇಟೆಯಿಂದ ಹಳ್ಳಿಗೆ ಬರುತ್ತಿತ್ತು. ಹಳ್ಳಿಯ ಹಾಡು ಹಳ್ಳಿಯಲ್ಲೇ ಮುಗಿಯುತ್ತಿತ್ತು.

ಇನ್ನೊಂದು ಕಾರಣವೂ ಇದೆ, ಅದೇ ನಮಗೆ ಮುಖ್ಯವಾದದ್ದು. ಎಂಬತ್ತು ದಾಟಿದ ಒಬ್ಬ ಬಾಯಮ್ಮ, ರೋಸ್ ಸಮಾರಂಭಗಳಲ್ಲಿ ವೊವಿಯೊ ಹೇಳುತ್ತಿದ್ದವರು, ಮಂಗಳೂರಿನ ಸ್ಟುಡಿಯೋಗೆ ಬರುವವರಲ್ಲ. ಸ್ಟುಡಿಯೋವೇ ಅವರಲ್ಲಿಗೆ ಹೋಗಬೇಕು. ಆ ವಿಷಯಕ್ಕೆ ಕೊನೆಗೆ ಬರುತ್ತೇವೆ.

ಮೊದಲು ಕೋಣೆ

ಸುಳ್ಯ ತಾಲೂಕಿನ ನಮ್ಮ ಬದಿಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ಮಳೆಗೆ ಬಿಡುವಿರುವುದು ಕಡಿಮೆ. ಹಂಚಿನ ಮಾಡಿಗೆ ಬೀಳುವ ಮಳೆಯ ಸದ್ದು, ಅದಕ್ಕಿಂತ ಹೆಚ್ಚಾಗಿ ಅಂಗಳಕ್ಕೆ ಹಾಕಿದ ತಗಡು ಶೀಟಿನ ಸದ್ದು, ನಮ್ಮ ಕಿವಿಗೆ ಎಷ್ಟು ರೂಢಿಯಾಗಿದೆಯೆಂದರೆ ನಾವು ಅದನ್ನು ಕೇಳುವುದೇ ಇಲ್ಲ. ಮೈಕ್ ಕೇಳುತ್ತದೆ. "ಸಾಫ್ಟ್‌ವೇರಿನಲ್ಲಿ ತೆಗೆಯಬಹುದಲ್ಲ?" ಎಂದು ಹುಡುಗರು ಹೇಳುತ್ತಾರೆ. ಫ್ಯಾನಿನ ಗುಂಯ್‌ಗುಡುವಿಕೆ ಕೆಲವೇ ಸ್ವರಗಳಲ್ಲಿ, ಒಂದೇ ಸಮನೆ ಇರುತ್ತದೆ; ಅದನ್ನು ಗುರುತಿಸಿ ಸ್ವಲ್ಪ ಮಟ್ಟಿಗೆ ಕಳೆಯಬಹುದು. ಮಳೆಯ ಸದ್ದು ಹಾಗಲ್ಲ. ಅದು ತಗ್ಗಿನ ಸ್ವರದಿಂದ ಅತಿ ಎತ್ತರದ ಸ್ವರದ ತನಕ ಎಲ್ಲ ಕಡೆ ಹರಡಿರುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದನ್ನು ತೆಗೆಯಲು ಹೋದರೆ ಹಾಡುವವರ ಸಕಾರ, ಶಕಾರಗಳೂ ಜೊತೆಗೇ ಹೋಗಿ ಸ್ವರ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಈಗ ಬಂದಿರುವ ಹೊಸ ತಂತ್ರಾಂಶಗಳು ಮಾತನ್ನು ಮಳೆಯಿಂದ ಬೇರ್ಪಡಿಸುವುದರಲ್ಲಿ ಪರವಾಗಿಲ್ಲ. ಹಾಡಿನ ವಿಷಯದಲ್ಲಿ ನಾವು ಅವನ್ನು ಅಷ್ಟಾಗಿ ನಂಬುವುದಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಹೊರಗಿನ ಸದ್ದು ಒಳಗೆ ಬಾರದಂತೆ ತಡೆಯುವುದು ಒಂದು; ಒಳಗಿನ ಪ್ರತಿಧ್ವನಿಯನ್ನು ತಗ್ಗಿಸುವುದು ಇನ್ನೊಂದು. ಮೊದಲಿನದಕ್ಕೆ ಬೇಕಾದುದು ಭಾರ: ದಪ್ಪ ಗೋಡೆ, ಕಾಂಕ್ರೀಟ್ ಮಾಡು, ಸಂದಿಯಿಲ್ಲದ ಬಾಗಿಲು. ಎರಡನೆಯದಕ್ಕೆ ಬೇಕಾದುದು ಮೆತ್ತನೆಯ ದಪ್ಪ ವಸ್ತು: ಹಾಸಿಗೆ, ಕಂಬಳಿ, ಬಟ್ಟೆ. ಹಾಸಿಗೆ ಮಳೆಯನ್ನು ತಡೆಯುವುದಿಲ್ಲ, ಕಾಂಕ್ರೀಟು ಪ್ರತಿಧ್ವನಿಯನ್ನು ಹೀರುವುದಿಲ್ಲ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಪದ್ಧತಿ ಹೇಗೆ ಬಂತೋ ನಾವರಿಯೆವು. ಅದರಲ್ಲಿ ಭಾರವೂ ಇಲ್ಲ, ದಪ್ಪವೂ ಇಲ್ಲ. ಅತಿ ಎತ್ತರದ ಸ್ವರಗಳನ್ನು ಸ್ವಲ್ಪ ಚದುರಿಸುವುದು ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಜಿರಳೆಗೆ ಮನೆಯಾಗುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ.

ಹಾಗಾದರೆ ಯಾವ ಕೋಣೆ? ಮನೆಯ ಎಲ್ಲ ಕೋಣೆಗಳಲ್ಲೂ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ಹೊಸದಾಗಿ ಟೈಲ್ಸ್ ಹಾಕಿದ ಖಾಲಿ ಕೋಣೆಯಲ್ಲಿ ಚಪ್ಪಾಳೆಯ ಹಿಂದೆಯೇ ಝಣ್ ಎಂಬ ಬಾಲವೊಂದು ಕೇಳುತ್ತದೆ. ಬಟ್ಟೆಯ ಕಪಾಟು, ಮಂಚ, ಹಾಸಿಗೆ, ಮೂಲೆಯಲ್ಲಿ ಮಡಚಿಟ್ಟ ಚಾಪೆ ಕಂಬಳಿಗಳಿರುವ ಕೋಣೆಯಲ್ಲಿ ಚಪ್ಪಾಳೆ ಅಲ್ಲಿಗೇ ಸಾಯುತ್ತದೆ. ಅದೇ ನಿಮ್ಮ ಸ್ಟುಡಿಯೋ. ಹಳೆಯ ಹಂಚಿನ ಮನೆಯಾದರೆ ಹಲಗೆಯ ಮುಚ್ಚಿಗೆ ಇರುವ ಒಳಕೋಣೆಯನ್ನು ಆರಿಸಿ. ಅಟ್ಟದಲ್ಲಿ ಅಡಿಕೆ ತುಂಬಿದ ಗೋಣಿಗಳಿದ್ದರೆ ಇನ್ನೂ ಒಳ್ಳೆಯದು. ಮಾಡಿಗೂ ನಿಮಗೂ ನಡುವೆ ಅಷ್ಟು ಭಾರ ಬೇರೆ ಯಾರೂ ಪುಕ್ಕಟೆ ಕೊಡುವುದಿಲ್ಲ. ಅಡಿಕೆಗೆ ದರ ಬಂದು ಗೋಣಿ ಇಳಿದ ದಿನ ನಮ್ಮ ಕೋಣೆಯ ಶಬ್ದವೇ ಬದಲಾದದ್ದನ್ನು ನಾವು ಕಂಡಿದ್ದೇವೆ.

ಹಾಡುವವರ ಹಿಂಬದಿಗೆ ದಪ್ಪ ಕಂಬಳಿ ಎರಡನ್ನು ಹಗ್ಗಕ್ಕೆ ನೇತುಹಾಕಿ, ಗೋಡೆಗೆ ತಾಗಿಸದೆ ನಾಲ್ಕು ಬೆರಳಿನಷ್ಟು ಬಿಟ್ಟು. ಮೈಕ್ ಹಾಡುವವರ ಬಾಯಿಯನ್ನು ನೋಡುತ್ತಿರುವಾಗ ಅವರ ಹಿಂದಿನ ಗೋಡೆಯನ್ನೂ ನೋಡುತ್ತಿರುತ್ತದೆ; ಆದ್ದರಿಂದ ಕಂಬಳಿ ಬೇಕಾದುದು ಬೆನ್ನ ಹಿಂದೆ. ಹೆಚ್ಚಿನವರು ಅದನ್ನು ಮೈಕಿನ ಹಿಂದೆ ಮಾತ್ರ ಹಾಕಿ ಸುಮ್ಮನಾಗುತ್ತಾರೆ.

ಹೊತ್ತನ್ನೂ ಆರಿಸಬೇಕು. ಬೆಳಿಗ್ಗೆ ಕೋಳಿ, ಹಟ್ಟಿಯ ದನ, ಮೇಲಿನ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ. ಸಂಜೆ ಜೀರುಂಡೆ. ಮಳೆ ಬಿಟ್ಟ ರಾತ್ರಿ ಕಪ್ಪೆ. ನಮ್ಮ ಅನುಭವದಲ್ಲಿ ಮಧ್ಯಾಹ್ನದ ಊಟವಾಗಿ ಕೆಲಸದವರು ವಿಶ್ರಮಿಸುವ ಹೊತ್ತು, 2ರಿಂದ 3 ಗಂಟೆಯ ತನಕ, ಊರಿಗೇ ಊರು ಸುಮ್ಮನಿರುತ್ತದೆ. ಜನವರಿಯಿಂದ ಮಾರ್ಚ್ ತನಕದ ಒಣ ತಿಂಗಳುಗಳೇ ಈ ಕೆಲಸಕ್ಕೆ ಹೇಳಿದ್ದು.

ಏನೇನು ಕೊಳ್ಳಬೇಕು

ಸ್ಟುಡಿಯೋ ಎಂದರೆ ಹಲವು ಸ್ವರಗಳನ್ನು ಬೇರೆ ಬೇರೆಯಾಗಿ ಹಿಡಿದು ಮತ್ತೆ ಸೇರಿಸುವ ಸೌಕರ್ಯ. ಮನೆಯಲ್ಲಿ ಇದು ಸಾಧ್ಯವಾದದ್ದು 1979ರಲ್ಲಿ, ಜಪಾನಿನ ಟ್ಯಾಸ್ಕಾಮ್ ಕಂಪೆನಿಯು ಸಾಧಾರಣ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಟ್ರ್ಯಾಕ್ ಹಿಡಿಯುವ ಪೋರ್ಟಾಸ್ಟುಡಿಯೋ ಎಂಬ ಯಂತ್ರವನ್ನು ಹೊರತಂದಾಗ. ಇಂದು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಅದಕ್ಕಿಂತ ಹೆಚ್ಚು ಮಾಡುತ್ತದೆ. ಆದುದರಿಂದ ಹೊಸ ಕಂಪ್ಯೂಟರಿಗಾಗಿ ಸೊಸೈಟಿಯಲ್ಲಿ ಸಾಲ ತೆಗೆಯಬೇಡಿ.

ಬೇಕಾದುದು ನಾಲ್ಕು. ಮೊದಲನೆಯದು ಆಡಿಯೋ ಇಂಟರ್‌ಫೇಸ್, ಅಂದರೆ ಮೈಕಿನಿಂದ ಬರುವ ತೀರಾ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಿ, ಅಂಕಿಗಳಾಗಿ ಪರಿವರ್ತಿಸಿ, ಯುಎಸ್‌ಬಿ ವಯರಿನ ಮೂಲಕ ಕಂಪ್ಯೂಟರಿಗೆ ಕಳುಹಿಸುವ ಪೆಟ್ಟಿಗೆ. ಬೆರಿಂಜರ್ ಕಂಪೆನಿಯ ಸಣ್ಣ ಮಾದರಿಗಳು ಸುಮಾರು 5 ಸಾವಿರ ರೂಪಾಯಿಯ ಆಸುಪಾಸಿನಲ್ಲಿವೆ; ಫೋಕಸ್‌ರೈಟ್ ಕಂಪೆನಿಯ ಸ್ಕಾರ್ಲೆಟ್ ಸೋಲೋ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಆರಂಭಕ್ಕೆ ಮೊದಲಿನದೇ ಆದೀತು. ಎರಡನೆಯದು ಮೈಕ್. ಮೂರನೆಯದು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, 3ರಿಂದ 5 ಸಾವಿರ. ನಾಲ್ಕನೆಯದು ಎಕ್ಸ್‌ಎಲ್‌ಆರ್ ವಯರು ಮತ್ತು ಗಟ್ಟಿಯಾದ ಸ್ಟ್ಯಾಂಡು. ಹಾಡನ್ನು ಮನೆಮಂದಿಗೆಲ್ಲ ಕೇಳಿಸುವ ದೊಡ್ಡ ಸ್ಪೀಕರು ಸದ್ಯಕ್ಕೆ ಬೇಡ.

ಮೈಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ಎಡವಿದ್ದು ಇಲ್ಲಿಯೇ. ಅಂತರ್ಜಾಲದಲ್ಲಿ "ಸಂಪೂರ್ಣ ಸ್ಟುಡಿಯೋ ಸೆಟ್" ಎಂದು ಕಂಡ ಒಂದು ಅಗ್ಗದ ಕಂಡೆನ್ಸರ್ ಮೈಕನ್ನು ತರಿಸಿ ನೇರವಾಗಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದೆವು. ಸೊಳ್ಳೆ ಹಾಡಿದಷ್ಟು ಸದ್ದು ಬಂತು. ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ ಹೊರಗಿನಿಂದ 48 ವೋಲ್ಟ್ ವಿದ್ಯುತ್ ಬೇಕು. ಅದನ್ನು ಇಂಟರ್‌ಫೇಸ್ ಕೊಡುತ್ತದೆ, ಲ್ಯಾಪ್‌ಟಾಪ್ ಕೊಡುವುದಿಲ್ಲ. ಅದನ್ನು ತಿಳಿದು ಇಂಟರ್‌ಫೇಸ್ ತಂದ ಮೇಲೆ ಎರಡನೆಯ ಪಾಠವಾಯಿತು. ಈಗ ಮೈಕಿಗೆ ಎಲ್ಲವೂ ಕೇಳತೊಡಗಿತು: ಅಡುಗೆ ಕೋಣೆಯ ಕುಕ್ಕರು, ಅಂಗಳದ ನಾಯಿ, ಆಚೆ ಮನೆಯವರ ಅಡಿಕೆ ಸುಲಿಯುವ ಯಂತ್ರ.

ಕಂಡೆನ್ಸರ್ ಮೈಕಿನೊಳಗೆ ಲೋಹದ ಲೇಪವಿರುವ, ಕೂದಲಿಗಿಂತಲೂ ತೆಳುವಾದ ಒಂದು ಪೊರೆ ಇರುತ್ತದೆ. ಸೂಕ್ಷ್ಮ ಶಬ್ದಕ್ಕೂ ಅದು ಅಲುಗುತ್ತದೆ. ಪೇಟೆಯ ಮುಚ್ಚಿದ ಸ್ಟುಡಿಯೋದಲ್ಲಿ ಇದು ಗುಣ, ನಮ್ಮ ಮನೆಗಳಲ್ಲಿ ದೋಷ. ಡೈನಾಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡಿದ್ದು ಅಯಸ್ಕಾಂತದ ನಡುವೆ ಅಲುಗುತ್ತದೆ. ಅದು ಸ್ವಲ್ಪ ಮಂದ. ಹತ್ತಿರ ಹೋಗಿ ಹಾಡಬೇಕು. ಹತ್ತಿರ ಹಾಡಿದಾಗ ಸ್ವರ ದೊಡ್ಡದಾಗಿ, ಹೊರಗಿನ ಸದ್ದು ಅದರ ಮುಂದೆ ಸಣ್ಣದಾಗಿ ಬರುತ್ತದೆ. ಚರ್ಚಿನ ಪೀಠದಲ್ಲಿ, ನಾಟಕದ ರಂಗದಲ್ಲಿ ನೀವು ಕಂಡಿರುವ ಶ್ಯೂರ್ ಎಸ್‌ಎಂ58 ಇದೇ ಜಾತಿಯದು, 1966ರಿಂದಲೂ ಮಾರುಕಟ್ಟೆಯಲ್ಲಿದೆ. ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ, 2ರಿಂದ 4 ಸಾವಿರದೊಳಗೆ, ಕೆಲಸಕ್ಕೆ ಬರುವ ಡೈನಾಮಿಕ್ ಮೈಕುಗಳು ಸಿಗುತ್ತವೆ. ಗುತ್ತಿಗಾರಿನಂಥ ಊರಿನಲ್ಲಿ ಮೊದಲ ಮೈಕ್ ಡೈನಾಮಿಕ್ಕೇ ಆಗಿರಲಿ ಎಂಬುದು ನಮ್ಮ ಅಭಿಪ್ರಾಯ. ಅಂಗಡಿಯವರು ಬೇರೆ ಹೇಳಿಯಾರು.

ಸಾಫ್ಟ್‌ವೇರಿಗೆ ಹಣ ಕೊಡಬೇಕಾಗಿಲ್ಲ. ಆಡಾಸಿಟಿ 2000ನೇ ಇಸವಿಯಿಂದ ಉಚಿತವಾಗಿ ದೊರೆಯುತ್ತಿದೆ. ಬೇರೆ ಬೇರೆ ಟ್ರ್ಯಾಕುಗಳನ್ನು ಒಂದರ ಮೇಲೊಂದು ಹಾಡಿ ಸೇರಿಸುವವರಿಗೆ ರೀಪರ್ ಹೆಚ್ಚು ಅನುಕೂಲ. 60 ದಿನ ಪರೀಕ್ಷಿಸಿ ನೋಡಿ ಆಮೇಲೆ ಕೊಳ್ಳಬಹುದು. ಕದ್ದ ಸಾಫ್ಟ್‌ವೇರ್ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬರುತ್ತದೆ, ಜೊತೆಗೆ ವೈರಸ್ಸೂ ಬರುತ್ತದೆ.

ಬಾಯಿಗೂ ಮೈಕಿಗೂ ಎಷ್ಟು ದೂರ

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೋಟೆಲೊಂದರ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದರು. ಆಗ ವಿದ್ಯುತ್ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯೊಂದರ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. ಸ್ವರ ಏರಿದಾಗ ಹಿಂದೆ ಸರಿಯಬೇಕು, ಇಳಿದಾಗ ಮುಂದೆ ಬರಬೇಕು. ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿ ಅಂದು ಮಾಡಿದ್ದನ್ನೇ ಇಂದಿನ ಹೊಸಬರೂ ಕಲಿಯಬೇಕು. ದೂರವೇ ನಿಮ್ಮ ಮೊದಲ ನಿಯಂತ್ರಣ.

ಡೈನಾಮಿಕ್ ಮೈಕಿಗೆ ನಾಲ್ಕು ಬೆರಳಿನಿಂದ ಒಂದು ಗೇಣಿನಷ್ಟು ದೂರ ಸಾಕು. ದೂರ ಎರಡು ಪಟ್ಟಾದರೆ ಸ್ವರ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಆದರೆ ಕೋಣೆಯ ಪ್ರತಿಧ್ವನಿ ಇದ್ದಷ್ಟೇ ಇರುತ್ತದೆ. ದೂರ ನಿಂತು ಹಾಡಿದ ಹಾಡು "ಬಚ್ಚಲಿನಲ್ಲಿ ಹಾಡಿದಂತಿದೆ" ಎನಿಸುವುದು ಇದರಿಂದಲೇ. ಪ, ಬ, ಭ ಅಕ್ಷರಗಳಿಗೆ ಬಾಯಿಯಿಂದ ಹೊರಡುವ ಗಾಳಿ ಮೈಕಿಗೆ ಹೊಡೆದು ಧಪ್ ಎನ್ನುತ್ತದೆ. ಕಸೂತಿ ಹಾಕುವ ಮರದ ಬಳೆಗೆ ಹಳೆಯ ನೈಲಾನ್ ಕಾಲುಚೀಲವನ್ನು ಬಿಗಿದು ನಡುವೆ ಹಿಡಿದರೆ ಸರಿಯಾಗುತ್ತದೆ. ಮೈಕನ್ನು ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ಓರೆಯಾಗಿಟ್ಟರೂ ಅರ್ಧ ತೊಂದರೆ ತಪ್ಪುತ್ತದೆ.

ಈ ಮೈಕುಗಳು ಹೆಚ್ಚಾಗಿ ಮುಂದಿನಿಂದ ಬರುವುದನ್ನು ಹಿಡಿದು ಹಿಂದಿನದಕ್ಕೆ ಕಿವುಡಾಗಿರುತ್ತವೆ. ಆದ್ದರಿಂದ ಲ್ಯಾಪ್‌ಟಾಪ್, ಕಿಟಿಕಿ, ಸದ್ದು ಮಾಡುವ ಏನೇ ಇದ್ದರೂ ಮೈಕಿನ ಬೆನ್ನಿಗಿರಲಿ. ಹಾಡುವಾಗ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲೇ ಕೆಲಸ ಮಾಡಿ. ಹಳ್ಳಿಯ ವಯರಿಂಗಿನಲ್ಲಿ ಅರ್ತಿಂಗ್ ಸರಿಯಿಲ್ಲದೆ ಬರುವ 50 ಹರ್ಟ್ಜ್‌ನ ಗುಂಯ್ ಎಂಬ ಸದ್ದು ಹೆಚ್ಚಿನ ಮನೆಗಳಲ್ಲಿ ಇಷ್ಟರಿಂದಲೇ ನಿಲ್ಲುತ್ತದೆ, ನಡುವೆ ಕರೆಂಟು ಹೋದರೂ ಹಾಡು ಉಳಿಯುತ್ತದೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ.

ಇನ್ನು ಮಟ್ಟ. ಕ್ಯಾಸೆಟ್ಟಿನ ಕಾಲದವರು ಮುಳ್ಳು ಕೆಂಪಿಗೆ ತಾಗುವಷ್ಟು ಜೋರಾಗಿ ರೆಕಾರ್ಡ್ ಮಾಡುತ್ತಿದ್ದರು, ಇಲ್ಲವಾದರೆ ಟೇಪಿನ ಸುಯ್ ಎಂಬ ಸದ್ದು ಮೇಲೆ ಬರುತ್ತಿತ್ತು. ಅಂಕಿಯ ಯಂತ್ರದಲ್ಲಿ ಇದು ತಪ್ಪು. ಸೊನ್ನೆ ಡೆಸಿಬೆಲ್ ದಾಟಿದ ಸ್ವರ ಒಡೆದು ಹೋಗುತ್ತದೆ, ಅದನ್ನು ಮತ್ತೆ ಸರಿಪಡಿಸುವುದು ಕಷ್ಟ. ಅತಿ ಜೋರಾದ ಜಾಗದಲ್ಲೂ ಸೊನ್ನೆಗಿಂತ 6ರಿಂದ 12 ಡೆಸಿಬೆಲ್ ಕೆಳಗಿರುವಂತೆ ಹೊಂದಿಸಿ. 24 ಬಿಟ್, 48 ಕಿಲೋಹರ್ಟ್ಜ್ ಎಂದು ಆರಿಸಿದರೆ ಸ್ವರ ಸಣ್ಣದಾಗಿದ್ದರೂ ಆಮೇಲೆ ಎತ್ತಿಕೊಳ್ಳಬಹುದು. ಹೆಡ್‌ಫೋನಿನಲ್ಲಿ ನಿಮ್ಮ ಸ್ವರ ನಿಮಗೇ ತಡವಾಗಿ ಕೇಳುತ್ತಿದ್ದರೆ ಹೆದರಬೇಡಿ. ಇಂಟರ್‌ಫೇಸಿನಲ್ಲಿ ನೇರವಾಗಿ ಕೇಳುವ ಗುಂಡಿ ಇರುತ್ತದೆ, ಅದನ್ನು ಒತ್ತಿ.

ತೇವ ಮತ್ತು ಸಿಡಿಲು

ಇವೆರಡರ ಬಗ್ಗೆ ಪೇಟೆಯವರು ಬರೆದ ಯಾವ ಕೈಪಿಡಿಯೂ ಹೇಳುವುದಿಲ್ಲ. ಆಟಿ ತಿಂಗಳಿನಲ್ಲಿ ಚಪ್ಪಲಿಗೆ ಬೂಸ್ಟು ಹಿಡಿಯುವ ಊರಿನಲ್ಲಿ ಮೈಕಿಗೂ ಹಿಡಿಯುತ್ತದೆ. ತೇವ ಹೀರಿದ ಕಂಡೆನ್ಸರ್ ಮೈಕ್ ಪಟಪಟ ಸಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟರೆ ಉಳಿಯುತ್ತದೆ. ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಒಲೆಯ ಬಳಿ ಒಣಗಿಸಿ. ಸಿಡಿಲಿನ ಕಾಲ ಮಳೆಗಾಲದ ಹಿಂದೆ ಮುಂದೆ, ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆಗಳು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು, ಇಂಟರ್ನೆಟ್ಟಿನ ವಯರನ್ನೂ.

ಗಾಯನ ತಂಡದ ಧ್ವನಿಮುದ್ರಣ

ಹನ್ನೆರಡು ಮಂದಿಯನ್ನು ಮಲಗುವ ಕೋಣೆಗೆ ತುಂಬಿಸಿ ಒಂದು ಮೈಕಿನ ಸುತ್ತ ನಿಲ್ಲಿಸುವುದು ಬೇಡ. ತಂಡದ ಹಾಡಿಗೆ ಚರ್ಚೇ ಒಳ್ಳೆಯ ಕೋಣೆ. ಅಲ್ಲಿನ ಪ್ರತಿಧ್ವನಿ ಆ ಹಾಡಿನ ಭಾಗವೇ ಆಗಿದೆ. ಧರ್ಮಗುರುಗಳ ಅನುಮತಿ ಪಡೆದು ವಾರದ ದಿನ, ಫ್ಯಾನುಗಳನ್ನೆಲ್ಲ ಆರಿಸಿ, ತಂಡವನ್ನು ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ. ಎರಡು ಮೈಕ್ ಜೊತೆಗಿರುವ ಕೈಯಲ್ಲಿ ಹಿಡಿಯುವಂಥ ಸಣ್ಣ ರೆಕಾರ್ಡರನ್ನು ತಲೆಗಿಂತ ಸ್ವಲ್ಪ ಎತ್ತರಕ್ಕೆ, ಎಂಟು ಹತ್ತು ಅಡಿ ದೂರದಲ್ಲಿಡಿ. ಒಮ್ಮೆ ಹಾಡಿಸಿ ಕೇಳಿ. ಗಟ್ಟಿ ಗಂಟಲಿನವರನ್ನು ಒಂದು ಹೆಜ್ಜೆ ಹಿಂದಕ್ಕೆ ಕಳುಹಿಸಿ. (ಗಟ್ಟಿ ಗಂಟಲಿನವರು ಹೆಚ್ಚಾಗಿ ಹಿರಿಯರೇ ಆಗಿರುತ್ತಾರೆ, ಮಾತನ್ನು ಜಾಗ್ರತೆಯಿಂದ ಹೇಳಬೇಕು.) ಚರ್ಚಿನ ಮಿಕ್ಸರಿನಿಂದ ನೇರವಾಗಿ ತೆಗೆದ ಧ್ವನಿಯಲ್ಲಿ ಮೈಕಿನ ಮುಂದಿದ್ದ ಇಬ್ಬರ ಸ್ವರ ಮಾತ್ರ ಇರುತ್ತದೆ, ಉಳಿದ ಹತ್ತು ಮಂದಿ ಕಾಣೆ.

ಗುಮಟ್ ಇದ್ದರೆ ಅದಕ್ಕೆ ಬೇರೆಯೇ ಲೆಕ್ಕ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ನುಡಿಸುವವರು ಅದನ್ನು ಅಂಗೈಯಿಂದ ಮುಚ್ಚಿ ತೆರೆದು ಗುಂಕಾರವನ್ನು ಏರಿಸಿ ಇಳಿಸುತ್ತಾರೆ. ತೆರೆದ ಬಾಯಿಗೆ ನೇರವಾಗಿ ಮೈಕಿಟ್ಟರೆ ಗಾಳಿಯ ಹೊಡೆತ ಮಾತ್ರ ಬರುತ್ತದೆ, ಚರ್ಮದ ಬದಿಗಿಟ್ಟರೆ ಬೆರಳಿನ ಟಕಟಕ ಮಾತ್ರ. ಪಕ್ಕದಿಂದ, ಒಂದೂವರೆ ಅಡಿ ದೂರದಲ್ಲಿ ಮಡಕೆಯ ಹೊಟ್ಟೆಯನ್ನು ನೋಡುವಂತಿಡಿ.

ಹೀಗೆ ಹಿಡಿದ ಹಾಡಿನ ಉಪಯೋಗವೇನು? ನಾವು ಕಂಡ ಮಟ್ಟಿಗೆ ಹೆಚ್ಚಿನ ಪ್ರಯೋಜನ ಅಭ್ಯಾಸಕ್ಕೆ. ಆಲ್ಟೋ, ಟೆನರ್ ಹೀಗೆ ಒಂದೊಂದು ಸ್ವರವನ್ನು ಬೇರೆ ಬೇರೆಯಾಗಿ ಮುದ್ರಿಸಿ ವಾಟ್ಸಾಪ್‌ನಲ್ಲಿ ಕಳುಹಿಸಿದರೆ, ಮಳೆಗಾಲದಲ್ಲಿ ಹೊಳೆ ದಾಟಿ ಅಭ್ಯಾಸಕ್ಕೆ ಬರಲಾಗದ ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ. ಆದರೆ ಬಲಿಪೂಜೆಯಲ್ಲಿ ಈ ಮುದ್ರಿತ ಹಾಡನ್ನೇ ಹಾಕಿ ತಂಡ ಬಾಯಿ ಆಡಿಸುವುದನ್ನು ನಾವು ಒಪ್ಪುವುದಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರತಂದ ಪೂಜಾವಿಧಿಯ ದಾಖಲೆ ಕೇಳಿದ್ದು ಜನರು ಸಕ್ರಿಯವಾಗಿ ಭಾಗವಹಿಸಬೇಕೆಂದು. ಶ್ರುತಿ ತಪ್ಪಿದರೂ ಜನರ ಸ್ವರವೇ ಇರಲಿ.

ಬೇರೆಯವರು ಬರೆದು ರಾಗ ಹಾಕಿದ ಹಾಡನ್ನು ಮುದ್ರಿಸಿ ಯೂಟ್ಯೂಬಿಗೆ ಹಾಕುವ ಮೊದಲು ಅನುಮತಿ ಕೇಳಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರ ಹಕ್ಕು ಅವರ ಜೀವಿತಾವಧಿಗೆ ಮತ್ತು ಆಮೇಲೆ 60 ವರ್ಷಕ್ಕೆ ಇದೆ. ದೇವರ ಹಾಡು ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ.

ಹಿರಿಯರ ಸ್ವರ

ಗುತ್ತಿಗಾರಿನ ಸುತ್ತುಮುತ್ತ ಒಂದು ಕಿಲೋಮೀಟರ್ ನಡೆದರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತದೆ: ಅರೆಭಾಷೆ, ತುಳು, ಕನ್ನಡ, ಮಲಯಾಳ, ಕೊಂಕಣಿ, ರಬ್ಬರ್ ತೋಟಗಳ ಕಡೆ ತಮಿಳು. ಒಂದೊಂದರಲ್ಲೂ ಕೆಲಸದ ಹಾಡು, ಮದುವೆಯ ಹಾಡು, ತೊಟ್ಟಿಲ ಹಾಡುಗಳಿದ್ದವು. ನಾಟಿಯ ಹಾಡಿಗೆ ಗದ್ದೆ ಬೇಕು, ಗದ್ದೆಗಳು ತೋಟವಾದವು. ರೋಸ್ ಸಮಾರಂಭ ಮನೆಯ ಚಪ್ಪರದಿಂದ ಹಾಲಿಗೆ ಹೋದ ಮೇಲೆ ವೊವಿಯೊಗಳ ಜಾಗಕ್ಕೆ ಡಿಜೆ ಬಂದಿದೆ. ಹಾಡು ಇನ್ನೂ ಕೆಲವರ ನೆನಪಿನಲ್ಲಿದೆ, ಹಾಡುವ ಸಂದರ್ಭ ಇಲ್ಲ.

ಒಂದು ಧ್ವನಿಮುದ್ರಣದಿಂದ ಏನಾಗಬಲ್ಲುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆಯಿದೆ. ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಡಾ. ಬಿ.ಎ. ವಿವೇಕ ರೈ, ಡಾ. ಕೆ. ಚಿನ್ನಪ್ಪ ಗೌಡ ಮತ್ತು ಅನ್ನೇಲಿ ಹೊಂಕೊ ಅವರೊಡನೆ ಸೇರಿ 1990ರ ಡಿಸೆಂಬರಿನಲ್ಲಿ ಮುದ್ರಿಸಿಕೊಂಡರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾಯಿತು. ಅಕ್ಷರದಲ್ಲಿ ಇಲ್ಲದ, ಒಬ್ಬರ ಬಾಯಲ್ಲಿ ಮಾತ್ರ ಇದ್ದ ಕಾವ್ಯ. ಅವರ ಬಳಿ ಸಂಶೋಧನಾ ಸಂಸ್ಥೆಯ ಬಲವಿತ್ತು, ಹೌದು. ಆದರೆ ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲಿಗೆ ಮುದ್ರಿಸುವ ಶಕ್ತಿಗೆ ಕೊರತೆಯಿಲ್ಲ.

ನಾವು ಆರಂಭದಲ್ಲಿ ಹೇಳಿದ ಬಾಯಮ್ಮನ ಬಳಿ ಎರಡು ವರ್ಷ "ಒಳ್ಳೆಯ ಮೈಕ್ ಬಂದ ಮೇಲೆ ಬರುತ್ತೇವೆ" ಎಂದೆವು. ಕೊನೆಗೆ ಹೋಗಿ ಒಂದೂಕಾಲು ಗಂಟೆ ಹಾಡಿಸಿಕೊಂಡೆವು. ಅವರು ಹಲ್ಲಿಲ್ಲದ ಬಾಯಿಯಲ್ಲಿ ನಕ್ಕು, ಮರೆತ ಸಾಲಿಗೆ ಸೊಸೆಯನ್ನು ಬೈದು, ಹದಿನೇಳು ವೊವಿಯೊ ಹೇಳಿದರು. ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೆವು. ಮುಂದಿನ ಮೇ ತಿಂಗಳ ಒಂದು ಸಂಜೆಯ ಸಿಡಿಲಿಗೆ ಚಾರ್ಜರಿನ ಮೂಲಕವೇ ಲ್ಯಾಪ್‌ಟಾಪ್ ಹೋಯಿತು, ಡಿಸ್ಕಿನಿಂದ ಏನನ್ನೂ ಹೊರತೆಗೆಯಲಾಗಲಿಲ್ಲ. ಮತ್ತೊಮ್ಮೆ ಹೋಗೋಣವೆಂದರೆ ಬಾಯಮ್ಮ ಅದೇ ಫೆಬ್ರವರಿಯಲ್ಲಿ ದೈವಾಧೀನರಾಗಿದ್ದರು. ಮೊಮ್ಮಗನ ಮೊಬೈಲಿನಲ್ಲಿ ಸಿಕ್ಕಿದ 40 ಸೆಕೆಂಡಿನ ತುಣುಕು ಮಾತ್ರ ಈಗ ಇರುವುದು. ಅದರಲ್ಲಿ ಹಾಡಿಗಿಂತ ಹೆಚ್ಚಾಗಿ ಮಿಕ್ಸಿಯ ಸದ್ದಿದೆ.

ಆದ್ದರಿಂದ ಮುದ್ರಿಸಿದ ದಿನವೇ ಎರಡು ಪ್ರತಿ ಮಾಡಿ, ಎರಡೂ ಒಂದೇ ಮನೆಯಲ್ಲಿರದಿರಲಿ. 24 ಬಿಟ್, 48 ಕಿಲೋಹರ್ಟ್ಜ್‌ನ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಬೇಕು, ಗಂಟೆಗೆ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು. ಅಂದರೆ ಇಡೀ ಊರಿನ ಹಾಡು ಒಂದು 64 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಮೂಲವನ್ನು ವೇವ್ ಕಡತವಾಗಿಯೇ ಇಡಿ. ಎಂಪಿ3 ಮಾಡಿ ಹಂಚುವುದು ಆಮೇಲೆ. ಒಂದು ಪ್ರತಿಯನ್ನು ಹಾಡಿದವರ ಮನೆಗೇ ಕೊಡಿ, ಅದು ಅವರ ಸೊತ್ತು. ಹೊರಗೆ ಕೇಳಿಸಲು ಅವರ ಒಪ್ಪಿಗೆಯನ್ನೂ ಆ ಮುದ್ರಣದಲ್ಲೇ ಅವರ ಬಾಯಿಯಿಂದ ಹೇಳಿಸಿಕೊಳ್ಳಿ.

ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರದೆಂದು ತಿಳಿಯಬೇಕಿತ್ತು. ನೀವೂ ಪ್ರತಿ ಮುದ್ರಣದ ಆರಂಭದಲ್ಲಿ ಹಾಡುವವರ ಹೆಸರು, ಮನೆ, ಊರು, ತಾರೀಕು, ಈ ಹಾಡನ್ನು ಅವರು ಯಾರಿಂದ ಕಲಿತರು ಎಂಬಿಷ್ಟನ್ನು ಹೇಳಿ. ಕಡತದ ಹೆಸರು ಅಳಿದರೂ ಸ್ವರದೊಳಗೆ ಇದು ಉಳಿಯುತ್ತದೆ.

ಹಿರಿಯರ ಮನೆಗೆ ಹೋಗುವಾಗ ಸ್ಟ್ಯಾಂಡು, ಮೈಕ್ ಎಂದು ಮದುವೆಯ ವಿಡಿಯೋದವರಂತೆ ಹೋಗಬೇಡಿ, ಅವರು ಹೆದರಿ ಸುಮ್ಮನಾಗುತ್ತಾರೆ. ಮೊದಲ ಸಲ ಮೊಬೈಲ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವಲಿನ ಮೇಲೆ, ಅವರಿಂದ ಎರಡು ಅಡಿ ದೂರದಲ್ಲಿಡಿ. ಫ್ಯಾನು, ಟಿವಿ, ಮಿಕ್ಸಿ ನಿಲ್ಲಿಸಲು ಮನೆಯವರಿಗೆ ಮೊದಲೇ ಹೇಳಿ. ತಪ್ಪಿದರೆ ತಿದ್ದಬೇಡಿ. ಹಾಡು ಮುಗಿಯಿತೆಂದು ಕೂಡಲೇ ಗುಂಡಿ ಒತ್ತಬೇಡಿ, ಒಂದೆರಡು ನಿಮಿಷ ಹಾಗೆಯೇ ಬಿಡಿ. "ಇರು ಮಗಾ, ಇನ್ನೊಂದು ನೆನಪಾಯಿತು" ಎನ್ನುವುದು ಆಗಲೇ.